ಹಾಜರಿ ಪುಸ್ತಕದ ಆಚೆಗೆ: ವಿಮುಕ್ತ ಸಮುದಾಯಗಳ ಬರಹ ಮತ್ತು ನ್ಯಾಯದ ಪ್ರಶ್ನೆ

1

ಮರಾಠಿಯ ಎರಡು ಆತ್ಮಕಥೆಗಳು ಹಾಗೂ ಅಹಮದಾಬಾದಿನಲ್ಲಿ ರೂಪುಗೊಂಡ ಒಂದು ನಾಟಕ ಪ್ರಸ್ತುತ ಲೇಖನದ ಆಕರಗಳು. ಲಕ್ಷ್ಮಣ ಮಾನೆಯವರ ‘ಉಪರಾ’ 1980ರಲ್ಲಿಯೂ ಲಕ್ಷ್ಮಣ ಗಾಯಕವಾಡರ ‘ಉಚಲ್ಯಾ’ 1987ರಲ್ಲಿಯೂ ಪ್ರಕಟವಾದವು. ಎರಡಕ್ಕೂ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ದಕ್ಷಿಣ ಬಜರಂಗೆಯವರ ‘ಬುಧನ್’ ನಾಟಕ 1998ರಲ್ಲಿ ಛಾರಾನಗರದಲ್ಲಿ ಮೊದಲು ಪ್ರಯೋಗಗೊಂಡಿತು. ಈ ಮೂರು ಕೃತಿಗಳ ಪ್ರಕಾರ ಬೇರೆ, ಭಾಷೆ ಬೇರೆ, ಸಮುದಾಯವೂ ಬೇರೆ. ಆದರೂ ಇವನ್ನು ಒಟ್ಟಿಗಿಟ್ಟು ಓದಬೇಕೆನ್ನಿಸುವುದಕ್ಕೆ ಕಾರಣ, ಮೂರರ ಬೆನ್ನ ಹಿಂದೆಯೂ ನಿಂತಿರುವ ಒಂದು ಕಾಯಿದೆ.

1871ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಅಪರಾಧಿ ಬುಡಕಟ್ಟುಗಳ ಕಾಯಿದೆಯು ವ್ಯಕ್ತಿಯ ಕೃತ್ಯವನ್ನು ಬಿಟ್ಟು ಅವನ ಹುಟ್ಟನ್ನೇ ವಿಚಾರಣೆಗೆ ಒಳಪಡಿಸಿತು. ಒಂದು ಸಮುದಾಯವನ್ನು ಅಪರಾಧಿ ಬುಡಕಟ್ಟೆಂದು ಸರಕಾರ ಘೋಷಿಸಿದರೆ ಆ ಘೋಷಣೆಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿರಲಿಲ್ಲ. ಹೆಸರು ನೋಂದಾಯಿಸುವುದು, ಠಾಣೆಗೆ ಹೋಗಿ ಹಾಜರಿ ಹಾಕುವುದು, ರಹದಾರಿಯಿಲ್ಲದೆ ಊರು ಬಿಡದಿರುವುದು ಆ ಸಮುದಾಯದವರ ದಿನಚರಿಯಾಯಿತು. 1897ರ ತಿದ್ದುಪಡಿಯು ನಾಲ್ಕರಿಂದ ಹದಿನೆಂಟು ವರ್ಷದ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಸುಧಾರಣಾ ವಸತಿಗಳಲ್ಲಿರಿಸಲು ಅವಕಾಶ ಕೊಟ್ಟಿತು. ಮೊದಲು ಉತ್ತರ ಭಾರತಕ್ಕೆ ಸೀಮಿತವಾಗಿದ್ದ ಈ ವ್ಯವಸ್ಥೆ 1911ರ ಕಾಯಿದೆಯ ಮೂಲಕ ಮುಂಬಯಿ, ಮದರಾಸು ಪ್ರಾಂತಗಳನ್ನೂ ಒಳಗೊಂಡಿತು. 1952ರ ಆಗಸ್ಟ್ 31ರಂದು ಕಾಯಿದೆ ರದ್ದಾದ ಮೇಲೆ ಈ ಸಮುದಾಯಗಳಿಗೆ ‘ವಿಮುಕ್ತ’ ಎಂಬ ಹೆಸರು ಬಂತು.

ಹೆಸರಿನ ಬಗ್ಗೆ ಒಂದು ಮಾತು ಅಗತ್ಯ. ತಮ್ಮ ಕಲ್ಯಾಣನೀತಿಯನ್ನೂ ನ್ಯಾಯವ್ಯವಸ್ಥೆಯ ಸುಧಾರಣೆಯನ್ನೂ ತಾವೇ ಮುನ್ನಡೆಸಬೇಕೆಂದು ಮೂಲನಿವಾಸಿಗಳು ಕೇಳುತ್ತಿರುವುದು ಇಂದು ಹಲವು ದೇಶಗಳಲ್ಲಿ ನಡೆದಿರುವ ಚರ್ಚೆ. ಭಾರತದ ವಿಮುಕ್ತರೆಲ್ಲರೂ ‘ಮೂಲನಿವಾಸಿ’ ಎಂಬ ಪದದೊಳಗೆ ಸಲೀಸಾಗಿ ಸೇರುವುದಿಲ್ಲ. ಅವರಲ್ಲಿ ಆದಿವಾಸಿಗಳಿದ್ದಾರೆ, ಅಲೆಮಾರಿ ಕುಶಲಕರ್ಮಿಗಳಿದ್ದಾರೆ, ಹಿಂದೆ ಎತ್ತುಗಳ ಮೇಲೆ ಸರಕು ಸಾಗಿಸುತ್ತಿದ್ದವರಿದ್ದಾರೆ. ಆದರೆ ತಮ್ಮನ್ನು ಕುರಿತ ನೀತಿಯನ್ನು ಬೇರೆಯವರು ಬರೆದು ತಮ್ಮ ಮೇಲೆ ಹೊರಿಸಿದ್ದಾರೆಂಬ ಅನುಭವ ಇವರೆಲ್ಲರಿಗೂ ಸಾಮಾನ್ಯ. ಈ ಅನುಭವವನ್ನು ದಾಖಲಿಸಿದ ಕೃತಿಗಳನ್ನು ನಾವು ಇದುವರೆಗೆ ನೋವಿನ ಕಥನಗಳೆಂದು ಓದುತ್ತ ಬಂದಿದ್ದೇವೆ. ಅವು ಸಾಕ್ಷ್ಯಗಳೂ ಹೌದು, ಅವುಗಳೊಳಗೆ ಒಂದು ನ್ಯಾಯವಿಚಾರವೂ ಇದೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

2

ಈ ಕೃತಿಗಳಿಗೆ ಒಂದು ಪೂರ್ವಜ ಪ್ರಕಾರವಿದೆ. ಅದು ಸಾಹಿತ್ಯ ಚರಿತ್ರೆಗಳಲ್ಲಿ ಕಾಣಿಸದ ಪೊಲೀಸ್ ಕೈಪಿಡಿ. ಮುಂಬಯಿ ಪ್ರಾಂತದ ಪೊಲೀಸ್ ಅಧಿಕಾರಿ ಮೈಕೇಲ್ ಕೆನೆಡಿ 1908ರಲ್ಲಿ ಪ್ರಕಟಿಸಿದ, ಆ ಪ್ರಾಂತದ ಅಪರಾಧಿ ವರ್ಗಗಳನ್ನು ಕುರಿತ ಟಿಪ್ಪಣಿಗಳ ಪುಸ್ತಕ ಇದಕ್ಕೆ ಒಳ್ಳೆಯ ನಿದರ್ಶನ. ಕೈಕಾಡಿ, ಭಾಮಟಾ, ಬೇರಡ, ಘಂಟಿಚೋರ ಮುಂತಾದ ಸಮುದಾಯಗಳು ಅಲ್ಲಿ ಒಂದೊಂದು ಅಧ್ಯಾಯವಾಗಿವೆ. ಇವರಲ್ಲಿ ಹಲವರು ಇಂದಿನ ಬೆಳಗಾವಿ, ಧಾರವಾಡ, ವಿಜಯಪುರ ಸೀಮೆಯಲ್ಲಿ ಬಾಳಿದವರು. ಸಮುದಾಯದ ಹೆಸರು, ನೆಲೆ, ಮೈಕಟ್ಟು, ಉಡುಗೆ, ಆಡುಮಾತು, ತೋರಿಕೆಯ ಕಸುಬು, ಕಳವಿನ ಪದ್ಧತಿ, ಪತ್ತೆಹಚ್ಚುವ ಬಗೆ—ಇಂಥ ಅಂಶಗಳ ಸುತ್ತ ಆ ಅಧ್ಯಾಯಗಳು ಬೆಳೆಯುತ್ತವೆ. ‘ತೋರಿಕೆಯ ಕಸುಬು’ ಎಂಬ ಕಲ್ಪನೆಯನ್ನು ವಿಶೇಷವಾಗಿ ಗಮನಿಸಬೇಕು. ಬುಟ್ಟಿ ಹೆಣೆಯುವುದೂ ಉಪ್ಪು ಮಾರುವುದೂ ಅಲ್ಲಿ ಕಸುಬಾಗಿ ಉಳಿಯುವುದಿಲ್ಲ. ಇನ್ನಾವುದನ್ನೋ ಮರೆಮಾಚುವ ವೇಷವಾಗುತ್ತವೆ. ಹೀಗೆ ಒಬ್ಬ ಮನುಷ್ಯನ ದುಡಿಮೆಯೇ ಅವನ ವಿರುದ್ಧದ ಪುರಾವೆಯಾಗುತ್ತದೆ.

ಈ ಕೈಪಿಡಿಯ ಅಂಶಗಳನ್ನು ಎದುರಿಗಿಟ್ಟುಕೊಂಡು ‘ಉಪರಾ’, ‘ಉಚಲ್ಯಾ’ಗಳನ್ನು ಓದಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಈ ಲೇಖಕರೂ ಬಹುಮಟ್ಟಿಗೆ ಅದೇ ಅಂಶಗಳನ್ನು ಕುರಿತು ಬರೆದಿದ್ದಾರೆ. ನೆಲೆ, ಉಡುಗೆ, ಮಾತು, ಕಸುಬು, ಕಳವು, ಪೊಲೀಸ್—ಎಲ್ಲವೂ ಇಲ್ಲಿ ಇವೆ. ಆದರೆ ಹೊರಗಿನಿಂದ ಗುರುತಿನ ಚಿಹ್ನೆಯಾಗಿ ಕಂಡದ್ದು ಒಳಗಿನಿಂದ ಬದುಕಿನ ಒತ್ತಡವಾಗಿ ಕಾಣಿಸುತ್ತದೆ. ಕೈಪಿಡಿ ಉತ್ತರಿಸಿದ ಪ್ರಶ್ನೆ ‘ಇವರನ್ನು ಹಿಡಿಯುವುದು ಹೇಗೆ?’ ಎಂಬುದು. ಆತ್ಮಕಥೆ ಅದನ್ನು ‘ಇವರು ಹೀಗೆ ಸಿಕ್ಕಿಬಿದ್ದದ್ದು ಹೇಗೆ?’ ಎಂದು ತಿರುಗಿಸುತ್ತದೆ. ಶೀರ್ಷಿಕೆಗಳಲ್ಲಿಯೇ ಈ ತಿರುವು ಇದೆ. ‘ಉಚಲ್ಯಾ’ ಎಂದರೆ ಎತ್ತಿಕೊಂಡು ಹೋಗುವವನು. ‘ಉಪರಾ’ ಎಂದರೆ ಹೊರಗಿನವನು. ಎರಡೂ ಅನ್ಯರು ಕೊಟ್ಟ ಹೆಸರುಗಳು. ಅವನ್ನೇ ಪುಸ್ತಕದ ಮುಖಪುಟಕ್ಕೆ ಏರಿಸುವ ಮೂಲಕ ಈ ಲೇಖಕರು ಹೆಸರಿಟ್ಟವರನ್ನು ಉತ್ತರದಾಯಿಗಳನ್ನಾಗಿ ಮಾಡುತ್ತಾರೆ.

3

‘ಉಚಲ್ಯಾ’ದ ಆರಂಭವನ್ನು ನೋಡೋಣ. ಹುಟ್ಟಿದ ದಿನ, ಹುಟ್ಟೂರು, ಮನೆತನದ ನೆಲ—ಸಾಮಾನ್ಯವಾಗಿ ಆತ್ಮಕಥೆಯೊಂದು ಆಧಾರವಾಗಿ ಹಿಡಿಯುವ ಸಂಗತಿಗಳು ತನ್ನ ಪಾಲಿಗಿಲ್ಲವೆಂಬಲ್ಲಿಂದಲೇ ಗಾಯಕವಾಡರು ತೊಡಗುತ್ತಾರೆ. ಲಾತೂರು ತಾಲೂಕಿನ ಧನೇಗಾಂವದಲ್ಲಿ ಬೆಳೆದ ಈ ಹುಡುಗನಿಗೆ ಜನ್ಮದಾಖಲೆ ಇಲ್ಲದಿರಬಹುದು. ಆದರೆ ಅವನ ಕುಟುಂಬದ ಹೆಸರು ಪೊಲೀಸರ ದಾಖಲೆಯಲ್ಲಿ ತಪ್ಪದೆ ಇದೆ. ಪ್ರಭುತ್ವ ಇವರನ್ನು ಪ್ರಜೆಗಳೆಂದು ಎಣಿಸುವ ಮುನ್ನ ಸಂಶಯಿತರೆಂದು ಎಣಿಸಿತ್ತು. ಈ ವ್ಯಂಗ್ಯವನ್ನು ಲೇಖಕರು ಎಲ್ಲಿಯೂ ವಿವರಿಸಿ ಹೇಳುವುದಿಲ್ಲ. ರಾತ್ರಿಯ ತಪಾಸಣೆ, ಹೆಂಗಸರ ಮೇಲಿನ ಕೈ, ಅಡಿಗೆಯ ಮಡಕೆಗಳ ಒಡೆತ—ಇವುಗಳ ನಿರೂಪಣೆಯ ಪುನರಾವೃತ್ತಿಯಲ್ಲಿಯೇ ಅದು ಓದುಗನಿಗೆ ತಾಗುತ್ತದೆ.

ಈ ಕೃತಿಯ ಬಗ್ಗೆ ಒಂದು ಆಕ್ಷೇಪ ಬಂದದ್ದುಂಟು. ಕಳವನ್ನು ಕಲಿಸುವ ಬಗೆಯನ್ನು, ಜೇಬು ಕತ್ತರಿಸುವ ಕೌಶಲವನ್ನು ಲೇಖಕರು ಮುಚ್ಚುಮರೆಯಿಲ್ಲದೆ ಬರೆದದ್ದರಿಂದ ಸಮುದಾಯದ ಮೇಲಿನ ಕಳಂಕ ಇನ್ನಷ್ಟು ಗಟ್ಟಿಯಾಗುವುದಿಲ್ಲವೇ ಎಂಬುದು ಆ ಆಕ್ಷೇಪ. ಇದನ್ನು ಹಗುರಾಗಿ ತಳ್ಳಿಹಾಕಬಾರದು. ಆದರೆ ಕಳವು ಇಲ್ಲಿ ಒಂಟಿಯಾಗಿ ಬರುವುದಿಲ್ಲವೆಂಬುದನ್ನು ಆಕ್ಷೇಪಕರು ಮರೆಯುತ್ತಾರೆ. ಕಲಿಯುವ ಮಗುವನ್ನು ಹಿರಿಯರು ಹೊಡೆದು ಪಳಗಿಸುತ್ತಾರೆ, ಏಕೆಂದರೆ ಮುಂದೆ ಠಾಣೆಯಲ್ಲಿ ಬೀಳಲಿರುವ ಹೊಡೆತಕ್ಕೆ ಅದು ಬಾಯಿ ಬಿಡಬಾರದು. ಕದ್ದದ್ದರಲ್ಲಿ ಪೊಲೀಸರಿಗೂ ಪಾಲು ಹೋಗುತ್ತದೆ. ಅಂದರೆ, ಈ ಕಸುಬು ಯಾವುದೋ ರಕ್ತಗುಣದಿಂದ ಹರಿದು ಬಂದದ್ದಲ್ಲ. ಕಳ್ಳ, ಪೊಲೀಸ್, ಕದ್ದ ಮಾಲು ಕೊಳ್ಳುವ ಸಂಭಾವಿತ—ಈ ಮೂವರೂ ಪಾಲುದಾರರಾಗಿರುವ ಒಂದು ಆರ್ಥಿಕ ಏರ್ಪಾಡು. ಅದರಲ್ಲಿ ಒಬ್ಬನ ಹೆಸರು ಮಾತ್ರ ಹಾಜರಿ ಪುಸ್ತಕದಲ್ಲಿದೆ. ಕೈಪಿಡಿ ಮುಚ್ಚಿಟ್ಟ ಇನ್ನಿಬ್ಬರ ಹೆಸರನ್ನು ಕೃತಿ ಹೇಳುತ್ತದೆ. ಕಳವಿನ ವಿವರಗಳನ್ನು ಮರೆಮಾಚಿದ್ದರೆ ಈ ಏರ್ಪಾಡನ್ನು ತೋರಿಸುವುದು ಸಾಧ್ಯವಿರಲಿಲ್ಲ.

ಕೃತಿಯ ಉತ್ತರಾರ್ಧದ ಬಗ್ಗೆ ವಿಮರ್ಶಕರು ಅಷ್ಟಾಗಿ ಬರೆದಿಲ್ಲ. ಗಿರಣಿಯ ಕೆಲಸ, ಕಾರ್ಮಿಕ ಸಂಘಟನೆ, ಸಭೆ, ಮೋರ್ಚಾ, ಮನವಿಗಳ ಈ ಭಾಗ ಮೊದಲ ಭಾಗದ ತೀವ್ರತೆಯನ್ನು ಕಳೆದುಕೊಂಡಿದೆ ಎಂದು ಅನ್ನಿಸುವುದು ನಿಜ. ವಾಕ್ಯಗಳು ವರದಿಯ ಧಾಟಿಗೆ ತಿರುಗುತ್ತವೆ. ಆದರೆ ನೋವನ್ನು ಅನುಭವಿಸುವವನು ನೀತಿಯನ್ನು ಕೇಳುವವನಾಗಿ ಮಾರ್ಪಡುವ ಹಂತ ಇದೇ. ನೋವಿನ ಭಾಗವನ್ನು ಸಾಹಿತ್ಯವೆಂದು ಮೆಚ್ಚಿ ಬೇಡಿಕೆಯ ಭಾಗವನ್ನು ಶುಷ್ಕವೆಂದು ಬದಿಗಿಡುವ ಓದಿನಲ್ಲಿ ಒಂದು ರಾಜಕಾರಣವಿದೆ. ಆ ಓದಿಗೆ ವಿಮುಕ್ತನ ಕಣ್ಣೀರು ಬೇಕು, ಅವನ ಮನವಿಪತ್ರ ಬೇಡ.

4

ಮಾನೆಯವರ ‘ಉಪರಾ’ ಇನ್ನೊಂದು ತೊಡಕನ್ನು ಮುಂದಿಡುತ್ತದೆ. ಕೈಕಾಡಿಗಳು ಬುಟ್ಟಿ ಹೆಣೆಯುವವರು, ಕತ್ತೆಗಳ ಮೇಲೆ ಸಂಸಾರ ಹೇರಿಕೊಂಡು ಊರೂರು ತಿರುಗುವವರು. ಕನ್ನಡ ನಾಡಿನ ಕೊರಮ, ಕೊರಚರೊಂದಿಗೂ ಆಂಧ್ರದ ಎರುಕಲರೊಂದಿಗೂ ಇವರಿಗೆ ನುಡಿಯ ನಂಟಿದೆ. ತಂದೆ ಮಗನನ್ನು ಶಾಲೆಗೆ ಕಳಿಸಲೇಬೇಕೆಂದು ಹಟ ತೊಟ್ಟದ್ದು ಇಲ್ಲಿಯ ಕಥನದ ಬೆನ್ನೆಲುಬು. ಅಲೆಮಾರಿಯ ಮಗನಿಗೆ ಶಾಲೆಯೆಂದರೆ ಬಿಡಾರ ಬದಲಾದಾಗಲೆಲ್ಲ ಬದಲಾಗುವ ಜಾಗ. ಅಲ್ಲಿಯೂ ಅವನು ಹೊರಗಿನವನೇ.

ಆದರೆ ‘ಉಪರಾ’ ಎಂಬ ಪದದ ಪೂರ್ಣಾರ್ಥ ಹೊಳೆಯುವುದು ಊರವರು ಹೊರಗಿಟ್ಟಾಗಲ್ಲ, ತನ್ನವರೇ ಹೊರಗಿಟ್ಟಾಗ. ಬೇರೆ ಜಾತಿಯ ಹುಡುಗಿಯನ್ನು ಮದುವೆಯಾದದ್ದಕ್ಕಾಗಿ ಕುಲದ ಪಂಚಾಯಿತಿ ವಿಧಿಸುವ ಬಹಿಷ್ಕಾರ ಅವನನ್ನು ಮಾತ್ರವಲ್ಲ, ಅವನ ಹೆತ್ತವರನ್ನೂ ಮುರಿಯುತ್ತದೆ. ‘ಉಚಲ್ಯಾ’ದಲ್ಲಿಯೂ ಇದಕ್ಕೆ ಹತ್ತಿರದ ಪ್ರಸಂಗವಿದೆ. ಬಾಲಕ ಲಕ್ಷ್ಮಣ ಶಾಲೆಗೆ ಹೋಗತೊಡಗಿದ್ದರಿಂದಲೇ ಕುಲದ ಮಕ್ಕಳಿಗೆ ವಾಂತಿಭೇದಿ ತಗಲಿತೆಂದು ಜನ ತಂದೆಯ ಮೇಲೆ ತಿರುಗಿಬೀಳುತ್ತಾರೆ.

ಸಮುದಾಯಗಳ ನ್ಯಾಯವನ್ನು ಸಮುದಾಯಗಳೇ ನೋಡಿಕೊಳ್ಳಲಿ ಎಂಬ ವಾದಕ್ಕೆ ಈ ಪುಟಗಳು ಒಡ್ಡುವ ಪ್ರಶ್ನೆ ಗಂಭೀರವಾದದ್ದು. ಯಾವ ಸಮುದಾಯ? ಅದರಲ್ಲಿ ಯಾರು? ಪಂಚಾಯಿತಿಯ ಕಟ್ಟೆಯ ಮೇಲೆ ಕುಳಿತ ಹಿರಿಯರೋ, ಅವರ ಮುಂದೆ ತಲೆತಗ್ಗಿಸಿ ನಿಂತ ಹೆಂಗಸೋ? ವಸಾಹತು ಕಾಯಿದೆಯ ಬಗ್ಗೆ ನಿಷ್ಠುರರಾಗಿರುವ ಅನೇಕ ಚಿಂತಕರು ಇಲ್ಲಿಗೆ ಬಂದಾಗ ಪಾರಂಪರಿಕ ಸಂಸ್ಥೆಗಳ ಬಗ್ಗೆ ಮೃದುವಾಗುತ್ತಾರೆ. ಮಾನೆ, ಗಾಯಕವಾಡರು ಹಾಗೆ ಮೃದುವಾಗುವುದಿಲ್ಲ. ಎರಡು ಅಧಿಕಾರಗಳ ನಡುವೆ ಸಿಕ್ಕಿದ ಮನುಷ್ಯನನ್ನು ಅವರು ತೋರಿಸುತ್ತಾರೆ. ಠಾಣೆಯ ಭಯವಿರುವುದರಿಂದಲೇ ಜನ ಪಂಚಾಯಿತಿಯ ಮೊರೆಹೋಗುತ್ತಾರೆ. ಠಾಣೆಯ ಬಾಗಿಲು ನ್ಯಾಯಕ್ಕಾಗಿ ತೆರೆಯದಿರುವಷ್ಟು ಕಾಲ ಪಂಚಾಯಿತಿಯ ಹಿಡಿತವೂ ಸಡಿಲವಾಗದು. ಹೀಗೆ ಒಂದು ಅನ್ಯಾಯ ಇನ್ನೊಂದನ್ನು ಪೋಷಿಸುತ್ತದೆ. 2016ರಲ್ಲಿ ಅಂಗೀಕಾರಗೊಂಡು 2017ರಲ್ಲಿ ಜಾರಿಗೆ ಬಂದ ಮಹಾರಾಷ್ಟ್ರದ ಸಾಮಾಜಿಕ ಬಹಿಷ್ಕಾರ ವಿರೋಧಿ ಕಾಯಿದೆ ಈ ಸರಪಳಿಯ ಒಂದು ಕೊಂಡಿಯನ್ನು ಮಾತ್ರ ಮುಟ್ಟಿತು. ದೂರು ಕೊಡಬೇಕಾದವರು ಅದೇ ಠಾಣೆಯ ಮೆಟ್ಟಿಲನ್ನೇ ಹತ್ತಬೇಕು.

ಆದ್ದರಿಂದ ‘ಸಮುದಾಯದ ನಾಯಕತ್ವ’ ಎಂಬ ಮಾತನ್ನು ಈ ಕೃತಿಗಳ ಬೆಳಕಿನಲ್ಲಿ ಮರುವ್ಯಾಖ್ಯಾನಿಸಬೇಕಾಗುತ್ತದೆ. ಠಾಣೆಯ ಏಟನ್ನೂ ಪಂಚಾಯಿತಿಯ ದಂಡವನ್ನೂ ಒಟ್ಟಿಗೆ ತಿಂದವರ ನಾಯಕತ್ವ ಎಂದು ಅದರ ಅರ್ಥ.

5

ಇಂಥ ನಾಯಕತ್ವ ಆಚರಣೆಯಲ್ಲಿ ಹೇಗಿರಬಹುದೆಂಬುದಕ್ಕೆ ಮೂರನೆಯ ಕೃತಿಯ ಹಿನ್ನೆಲೆಯ ಘಟನೆ ನಿದರ್ಶನವಾಗಿದೆ. 1998ರ ಫೆಬ್ರುವರಿಯಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯಲ್ಲಿ ಖೇಡಿಯಾ ಶಬರ ಸಮುದಾಯದ ಬುಧನ್ ಎಂಬ ಯುವಕ ಬಂಧನದಲ್ಲಿದ್ದಾಗ ಸತ್ತ. ಅದು ಆತ್ಮಹತ್ಯೆಯೆಂದು ಅಧಿಕಾರಿಗಳು ಹೇಳಿದರು. ಶವ ಊರಿಗೆ ಬಂದ ಮೇಲೆ ಶಬರರು ಮಾಡಿದ ಕೆಲಸ ಗಮನಾರ್ಹವಾದುದು. ಅವರು ಹುಲ್ಲಿನ ಬೊಂಬೆಯೊಂದನ್ನು ಸುಟ್ಟು ಶವಸಂಸ್ಕಾರ ಮುಗಿಯಿತೆಂದು ತೋರಿಸಿದರು. ನಿಜವಾದ ದೇಹವನ್ನು ಹೂತು ಕಾದಿಟ್ಟರು. ಮಹಾಶ್ವೇತಾದೇವಿಯವರ ಒಡನಾಟವಿದ್ದ ಶಬರ ಕಲ್ಯಾಣ ಸಮಿತಿ ಕಲಕತ್ತಾ ಉಚ್ಚ ನ್ಯಾಯಾಲಯದ ಮೊರೆಹೋಯಿತು. ಕಾದಿಟ್ಟ ದೇಹದಿಂದಾಗಿ ಎರಡನೆಯ ಶವಪರೀಕ್ಷೆ ಸಾಧ್ಯವಾಯಿತು. ಅದೇ ವರ್ಷ ನ್ಯಾಯಮೂರ್ತಿ ರೂಮಾ ಪಾಲ್ ಅವರು ಕುಟುಂಬಕ್ಕೆ ಪರಿಹಾರವನ್ನೂ ಕೇಂದ್ರ ತನಿಖಾ ದಳದ ವಿಚಾರಣೆಯನ್ನೂ ಆದೇಶಿಸಿದರು.

ಅಕ್ಷರ ತಿಳಿಯದವರೆಂದು ನಾವು ಕರೆಯುವ ಜನ ಇಲ್ಲಿ ಸಾಕ್ಷ್ಯದ ಮಹತ್ವವನ್ನು ಅರಿತಿದ್ದರು. ಸರಕಾರಿ ದಾಖಲೆಯನ್ನು ಕಣ್ಣುಮುಚ್ಚಿ ನಂಬಬಾರದೆಂಬುದು ಅವರಿಗೆ ತಲೆಮಾರುಗಳ ಪಾಠ. ತೀರಿದವನಿಗೆ ಸಲ್ಲಬೇಕಾದ ಸಂಸ್ಕಾರವನ್ನು ತಡೆದು ಅವನ ದೇಹವನ್ನು ನ್ಯಾಯಕ್ಕಾಗಿ ಕಾದಿಡುವುದು ಸುಲಭದ ನಿರ್ಧಾರವಲ್ಲ. ಆ ನಿರ್ಧಾರವನ್ನು ಹೊರಗಿನವರಾರೂ ಅವರ ಪರವಾಗಿ ತೆಗೆದುಕೊಳ್ಳುವಂತಿರಲಿಲ್ಲ. ವಕೀಲರ, ಲೇಖಕರ, ನ್ಯಾಯಾಧೀಶರ ಪಾತ್ರ ಅದರ ನಂತರದ್ದು.

ಈ ಪ್ರಕರಣದ ಕಾಲದಲ್ಲಿಯೇ ಮಹಾಶ್ವೇತಾದೇವಿ, ಗಣೇಶ ದೇವಿ, ಲಕ್ಷ್ಮಣ ಗಾಯಕವಾಡರು ಸೇರಿ ವಿಮುಕ್ತ ಮತ್ತು ಅಲೆಮಾರಿಗಳ ಹಕ್ಕುಗಳ ಕಾರ್ಯಪಡೆಯನ್ನು ಕಟ್ಟಿದರು. ಅದರ ಪ್ರೇರಣೆಯಿಂದ ಛಾರಾನಗರದ ಯುವಕರು ‘ಬುಧನ್’ ನಾಟಕವನ್ನಾಡಿದರು. ಶಬರರ ಭಾಷೆ, ಬದುಕು ಯಾವುದೂ ತಿಳಿಯದ ಛಾರಾಗಳು, ಬಹುದೂರದ ಒಂದು ಸಾವನ್ನು ತಮ್ಮದೆಂದು ಗುರುತಿಸಿದರು. ರಂಗದ ಮೇಲೆ ಹೊಡೆಯುವ ಪೊಲೀಸನೂ ಛಾರಾ, ಹೊಡೆಸಿಕೊಳ್ಳುವವನೂ ಛಾರಾ. ತಾವು ಬಾಲ್ಯದಿಂದ ಕಂಡುಂಡ ದೇಹಭಾಷೆಯನ್ನು ನಟರು ಎರಡೂ ಕಡೆಯಿಂದ ಅಭಿನಯಿಸುತ್ತಾರೆ. ನಾಟಕದ ಮಾತು ಸರಳ, ಕೆಲವೆಡೆ ಘೋಷಣೆಯ ಮಟ್ಟದ್ದು. ಪಾತ್ರಗಳು ಒಳಗೊಳಗೆ ಬೆಳೆಯುವುದಿಲ್ಲವೆಂಬ ದೂರೂ ಸರಿಯೇ. ಆದರೆ ಕೊನೆಯಲ್ಲಿ ನಟರು ಪ್ರೇಕ್ಷಕರತ್ತ ತಿರುಗಿ ಕೇಳುವಾಗ ನೋಡುವವನು ಸಾಕ್ಷಿಯ ಸ್ಥಾನಕ್ಕೆ ಬರುತ್ತಾನೆ. ಪೊಲೀಸರ ಪಟ್ಟಿ ಈ ಸಮುದಾಯಗಳನ್ನು ಒಂದೇ ದಾರದಲ್ಲಿ ಪೋಣಿಸಿತ್ತು. ಅದೇ ದಾರವನ್ನು ಈಗ ಅವರು ಪರಸ್ಪರ ಬಾಂಧವ್ಯಕ್ಕೆ ಬಳಸಿದರು.

6

ಈ ಕೃತಿಗಳು ಮುಂದಿಟ್ಟ ವಿಚಾರಕ್ಕೆ ಪ್ರಭುತ್ವದ ನೀತಿ ಎಷ್ಟು ಕಿವಿಗೊಟ್ಟಿದೆ? ಈ ಇತಿಹಾಸವನ್ನು ಸ್ಥೂಲವಾಗಿಯಾದರೂ ನೋಡುವುದು ಅವಶ್ಯ. 1928ರಲ್ಲಿ ಮುಂಬಯಿ ಸರಕಾರ ದಮನಿತ ವರ್ಗಗಳನ್ನೂ ಮೂಲಬುಡಕಟ್ಟುಗಳನ್ನೂ ಕುರಿತು ನೇಮಿಸಿದ ಸಮಿತಿಗೆ ಅಧ್ಯಕ್ಷರಾದವರು ಸ್ಟಾರ್ಟ್ ಎಂಬ ಅಧಿಕಾರಿ. ಅಪರಾಧಿ ಬುಡಕಟ್ಟುಗಳ ವಸತಿಗಳನ್ನು ನಡೆಸಿದವರೂ ಅವರೇ. ಡಾ. ಅಂಬೇಡ್ಕರರು ಆ ಸಮಿತಿಯ ಸದಸ್ಯರಾಗಿದ್ದರು. ಆದರೆ ವಸತಿಯ ತಂತಿಬೇಲಿಯೊಳಗಿನ ಯಾರಿಗೂ ಅಲ್ಲಿ ಪೀಠವಿರಲಿಲ್ಲ. ಸ್ವಾತಂತ್ರ್ಯಾನಂತರ 1949ರಲ್ಲಿ ನೇಮಕಗೊಂಡ ಅನಂತಶಯನಂ ಅಯ್ಯಂಗಾರರ ಸಮಿತಿ ಕಾಯಿದೆಯ ರದ್ದತಿಗೆ ಶಿಫಾರಸು ಮಾಡಿತು, ಜೊತೆಗೆ ರೂಢಿಗತ ಅಪರಾಧಿಗಳನ್ನು ಕುರಿತ ಕಾಯಿದೆ ಬರಲೆಂದೂ ಸೂಚಿಸಿತು. ಹೀಗಾಗಿ ಹಳೆಯ ಬಾಗಿಲು ಮುಚ್ಚುವ ಹೊತ್ತಿಗೆ ಹೊಸದೊಂದು ತೆರೆದಿತ್ತು. ಮುಂಬಯಿ ರಾಜ್ಯದಲ್ಲಿ 1959ರಲ್ಲಿ, ಕರ್ನಾಟಕದಲ್ಲಿ 1961ರಲ್ಲಿ ಇಂಥ ಕಾಯಿದೆಗಳು ಬಂದವು. ಅವುಗಳ ಅಕ್ಷರದಲ್ಲಿ ಜಾತಿಯಿಲ್ಲ. ಆದರೆ ಯಾರ ಹೆಸರು ಮೊದಲೇ ಠಾಣೆಯಲ್ಲಿತ್ತೋ ಅವರ ಮಕ್ಕಳ ಹೆಸರು ಹೊಸ ಪಟ್ಟಿಗೆ ಸೇರುವುದು ಸುಲಭವಾಯಿತು. ಈ ಕಾಯಿದೆಗಳನ್ನು ರದ್ದುಗೊಳಿಸುವಂತೆ 2000ದಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೂ 2007ರಲ್ಲಿ ವಿಶ್ವಸಂಸ್ಥೆಯ ಜನಾಂಗಭೇದ ನಿರ್ಮೂಲನ ಸಮಿತಿಯೂ ಹೇಳಿದವು.

ಅಲೆಮಾರಿ ಸಮುದಾಯದಿಂದಲೇ ಬಂದ ಬಾಳಕೃಷ್ಣ ರೇಣಕೆಯವರ ಅಧ್ಯಕ್ಷತೆಯ ರಾಷ್ಟ್ರೀಯ ಆಯೋಗ 2008ರಲ್ಲಿ ವರದಿ ಕೊಟ್ಟಿತು. ವಿಮುಕ್ತರ, ಅಲೆಮಾರಿಗಳ ಸಂಖ್ಯೆ ಹತ್ತು ಕೋಟಿಯ ಮೇಲಿರಬಹುದೆಂದು ಅದು ಅಂದಾಜಿಸಿತು. ಅನಂತರ ಭಿಕೂ ರಾಮಜಿ ಇದಾತೆಯವರ ಆಯೋಗ ಬಂತು; 2019ರಲ್ಲಿ ಕಲ್ಯಾಣ ಮಂಡಳಿ ಬಂತು. 2022ರಲ್ಲಿ ಆರಂಭವಾದ ಸೀಡ್ ಯೋಜನೆಗೆ 2021-22ರಿಂದ ಐದು ವರ್ಷಗಳಿಗೆ 200 ಕೋಟಿ ರೂಪಾಯಿಗಳನ್ನು ಗೊತ್ತುಪಡಿಸಲಾಯಿತು. ರೇಣಕೆಯವರ ಅಂದಾಜನ್ನೇ ಹಿಡಿದರೆ ತಲೆಗೆ ಇಪ್ಪತ್ತು ರೂಪಾಯಿ, ವರ್ಷಕ್ಕೆ ನಾಲ್ಕು. ಸಮುದಾಯದವರು ಆಯೋಗದ ಪೀಠಕ್ಕೇರುವುದಕ್ಕೂ ಅವರ ಮಾತು ಆಯವ್ಯಯದ ಅಂಕಣಕ್ಕೇರುವುದಕ್ಕೂ ನಡುವೆ ಇರುವ ದೂರವನ್ನು ಈ ಲೆಕ್ಕ ತೋರಿಸುತ್ತದೆ.

2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪು ಇಲ್ಲಿ ಮುಖ್ಯವಾದುದು. ಸೆರೆಮನೆಯ ಕೈಪಿಡಿಗಳಲ್ಲಿ ಜಾತಿಗನುಗುಣವಾಗಿ ಕೆಲಸ ಹಂಚುವ ನಿಯಮಗಳನ್ನೂ, ವಿಮುಕ್ತ ಹಾಗೂ ಅಲೆಮಾರಿ ಬುಡಕಟ್ಟುಗಳನ್ನು ರೂಢಿಗತ ಅಪರಾಧಿಗಳೊಂದಿಗೆ ಸಮೀಕರಿಸುವ ವಿವರಣೆಗಳನ್ನೂ ಅದು ಸಂವಿಧಾನಬಾಹಿರವೆಂದು ಸಾರಿತು. ಕೈದಿಗಳ ದಾಖಲೆಯಲ್ಲಿ ಜಾತಿಯ ಕಾಲಮನ್ನು ತೆಗೆಯಲು ಹೇಳಿತು. 1871ರ ಪದಕೋಶ 2024ರವರೆಗೂ ಸೆರೆಮನೆಯ ಗೋಡೆಯೊಳಗೆ ಜೀವಂತವಾಗಿತ್ತೆಂಬುದನ್ನು ದೇಶದ ಅತ್ಯುನ್ನತ ನ್ಯಾಯಾಲಯವೇ ಒಪ್ಪಿದಂತಾಯಿತು. ಗಾಯಕವಾಡರು 1987ರಲ್ಲಿ ಬರೆದದ್ದು ಸಾಕ್ಷ್ಯವೆಂದು ಸ್ವೀಕೃತವಾಗಲು ಮೂವತ್ತೇಳು ವರ್ಷ ಹಿಡಿಯಿತು ಎಂದರೂ ತಪ್ಪಾಗದು. ಆದರೆ ರಾಜ್ಯಗಳ ರೂಢಿಗತ ಅಪರಾಧಿ ಕಾಯಿದೆಗಳು ಈ ತೀರ್ಪಿನಿಂದ ರದ್ದಾಗಲಿಲ್ಲ. ಆ ಕೆಲಸ ಶಾಸನಸಭೆಗಳಿಗೆ ಬಿಟ್ಟದ್ದು.

ಬೇರೆ ದೇಶಗಳ ಅನುಭವವೂ ಇಲ್ಲಿ ಉಪಯುಕ್ತ. ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿಗಳು ಬಂಧನದಲ್ಲಿ ಸಾಯುತ್ತಿರುವುದನ್ನು ಕುರಿತು 1987ರಲ್ಲಿ ನೇಮಕಗೊಂಡ ರಾಯಲ್ ಕಮಿಷನ್ 99 ಸಾವುಗಳನ್ನು ಪರಿಶೀಲಿಸಿ 1991ರಲ್ಲಿ 339 ಶಿಫಾರಸುಗಳನ್ನು ಮಾಡಿತು. ಸಾವುಗಳ ಮೂಲ ಅವರನ್ನು ಅತಿಯಾಗಿ ಬಂಧಿಸುವುದರಲ್ಲಿದೆ, ಅವರ ಸ್ವನಿರ್ಣಯವಿಲ್ಲದೆ ಪರಿಹಾರವಿಲ್ಲ ಎಂಬುದು ಅದರ ತಿರುಳು. ಆ ಮೇಲೆಯೂ ಅಲ್ಲಿಯ ಸೆರೆಮನೆಗಳಲ್ಲಿ ಮೂಲನಿವಾಸಿಗಳ ಪ್ರಮಾಣ ಏರಿತು. ಸಂಸತ್ತಿಗೆ ಸಲಹೆ ಕೊಡುವ ಮೂಲನಿವಾಸಿ ಮಂಡಳಿಯ ಪ್ರಸ್ತಾವ 2023ರ ಜನಮತಗಣನೆಯಲ್ಲಿ ಬಿದ್ದುಹೋಯಿತು. ಇಷ್ಟಾದರೂ ವಿಕ್ಟೋರಿಯಾ ರಾಜ್ಯದಲ್ಲಿ 2002ರಿಂದ ನಡೆದುಬಂದ ಕೂರಿ ನ್ಯಾಯಾಲಯಗಳು ಒಂದು ಮಾದರಿಯನ್ನು ತೋರಿಸಿವೆ. ತಪ್ಪೊಪ್ಪಿಕೊಂಡವನ ಎದುರು ಅವನ ಸಮುದಾಯದ ಹಿರಿಯರು ಕುಳಿತು ಮಾತನಾಡುತ್ತಾರೆ. ಶಿಕ್ಷೆಯ ಅಧಿಕಾರ ಮಾತ್ರ ನ್ಯಾಯಾಧೀಶರದು. ಲೈಂಗಿಕ ಅಪರಾಧಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಸಮುದಾಯದ ಮಾತಿಗೆ ಜಾಗವನ್ನೂ ಅದರ ಅಧಿಕಾರಕ್ಕೆ ಮಿತಿಯನ್ನೂ ಒಟ್ಟಿಗೆ ಯೋಚಿಸಿದ ಏರ್ಪಾಡಿದು. ಇದನ್ನು ಹಾಗೆಯೇ ನಮ್ಮಲ್ಲಿಗೆ ತರಲಾಗದು. ಆದರೆ ಮಾನೆಯವರ ಪಂಚಾಯಿತಿಯ ಪುಟಗಳನ್ನು ಓದಿದವರಿಗೆ ಇಂಥ ಮಿತಿ ಏಕೆ ಬೇಕೆಂಬುದು ಅರ್ಥವಾಗುತ್ತದೆ.

7

ಕೊನೆಯದಾಗಿ, ಹೊರನಾಡಿನ ಕನ್ನಡ ಸಂಶೋಧಕರಿಗೆ ಈ ಚರ್ಚೆ ಏಕೆ ಬೇಕು ಎಂಬ ಪ್ರಶ್ನೆ. ಒಂದು ಕಾರಣ ಭೂಗೋಳದ್ದು. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಕೊರಮರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯವರು. ಅವರ ನುಡಿಬಂಧುಗಳಾದ ಎರುಕಲರು ಆಂಧ್ರದಲ್ಲಿ ಪರಿಶಿಷ್ಟ ಪಂಗಡದವರು. ಕೈಕಾಡಿಗಳು ವಿದರ್ಭದಲ್ಲಿ ಪರಿಶಿಷ್ಟ ಜಾತಿ, ಮಹಾರಾಷ್ಟ್ರದ ಉಳಿದೆಡೆ ವಿಮುಕ್ತ ಜಾತಿ. ಗಡಿ ದಾಟಿದ ಕುಟುಂಬದ ಹಕ್ಕು ಗಡಿಯಲ್ಲಿ ಕಳಚಿ ಬೀಳುತ್ತದೆ. ಅನುಮಾನ ಮಾತ್ರ ಅವರೊಂದಿಗೆ ಗಡಿ ದಾಟುತ್ತದೆ. ಸೊಲ್ಲಾಪುರ, ಪುಣೆ, ಮುಂಬಯಿ, ಹೈದರಾಬಾದುಗಳಲ್ಲಿದ್ದುಕೊಂಡು ಕನ್ನಡದೊಂದಿಗೆ ಮರಾಠಿ, ತೆಲುಗು ಬಲ್ಲವರು ಈ ವೈಷಮ್ಯವನ್ನು ಕಾಣಬಲ್ಲಷ್ಟು ಸ್ಪಷ್ಟವಾಗಿ ಒಂದೇ ರಾಜ್ಯದೊಳಗಿದ್ದವರು ಕಾಣಲಾರರು.

ಎರಡನೆಯದು ನಮ್ಮ ಶಾಸ್ತ್ರಕ್ಕೇ ಸಂಬಂಧಿಸಿದ್ದು. ಸಮುದಾಯ ಅಧ್ಯಯನಗಳು ಕನ್ನಡದಲ್ಲಿ ಹುಲುಸಾಗಿ ಬೆಳೆದಿವೆ. ಅವುಗಳಲ್ಲಿ ಹಲವಕ್ಕೆ ಇರುವ ಅಧ್ಯಾಯ ಕ್ರಮವನ್ನು ಒಮ್ಮೆ ನೋಡಬೇಕು: ಹೆಸರು, ನೆಲೆ, ಮೈಕಟ್ಟು, ಉಡುಗೆ, ಭಾಷೆ, ಕಸುಬು, ನಂಬಿಕೆ. ಕೆನೆಡಿಯ ಕೈಪಿಡಿಯಿಂದ ‘ಪತ್ತೆಹಚ್ಚುವ ಬಗೆ’ಯನ್ನು ತೆಗೆದು ‘ನಂಬಿಕೆ’ಯನ್ನು ಸೇರಿಸಿದಂತೆ ಇದು ಕಾಣುವುದಿಲ್ಲವೇ? ಉದ್ದೇಶ ಒಳ್ಳೆಯದಿರಬಹುದು, ಚೌಕಟ್ಟು ಹಳೆಯದು. ಒಂದು ಸಮುದಾಯ ತನ್ನ ರಕ್ಷಣೆಗಾಗಿ ಇಟ್ಟುಕೊಂಡ ಗುಪ್ತಪದಗಳ ಪಟ್ಟಿಯನ್ನು ಪ್ರಬಂಧದ ಅನುಬಂಧವಾಗಿ ಅಚ್ಚುಹಾಕುವ ಮುನ್ನ, ಅದು ಮುಂದೆ ಯಾರ ಮೇಜಿನ ಮೇಲೆ ಕೂರುತ್ತದೆಂದು ಸಂಶೋಧಕನು ಕೇಳಿಕೊಳ್ಳಬೇಕು. ಹುಬ್ಬಳ್ಳಿ, ಗದಗ, ವಿಜಯಪುರ, ಸೊಲ್ಲಾಪುರಗಳ ಹಳೆಯ ವಸತಿಗಳಲ್ಲಿ, ಇಂದಿಗೂ ಜನ ‘ಸೆಟ್ಲಮೆಂಟ್’ ಎಂದೇ ಕರೆಯುವ ಓಣಿಗಳಲ್ಲಿ, ತಂತಿಬೇಲಿಯ ನೆನಪು ಮನೆಮಾತಾಗಿ ಉಳಿದಿದೆ. ಅದನ್ನು ದಾಖಲಿಸುವ ಕೆಲಸ ತುರ್ತಿನದು. ಆದರೆ ಆ ದಾಖಲೆಯ ಪ್ರಶ್ನಾವಳಿಯನ್ನು ಅಲ್ಲಿಯವರೇ ಸಿದ್ಧಪಡಿಸಲಿ. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅವರ ಹೆಣ್ಣುಮಕ್ಕಳೂ ಸೇರಿ ನಿರ್ಧರಿಸಲಿ. ಗ್ರಂಥಕರ್ತರ ಸ್ಥಾನದಲ್ಲಿ ಅವರ ಹೆಸರಿರಲಿ.

ಕಾಯಿದೆಯ ಸುಧಾರಣೆಯನ್ನು ಸಮುದಾಯಗಳು ಮುನ್ನಡೆಸಬೇಕೆಂದು ಸರಕಾರಕ್ಕೆ ಹೇಳುವ ನಾವು, ನಮ್ಮ ಅಧ್ಯಯನಗಳನ್ನೂ ಅವರು ಮುನ್ನಡೆಸಲು ಒಪ್ಪುತ್ತೇವೆಯೇ? ಹಾಜರಿ ಪುಸ್ತಕವನ್ನು ಇಟ್ಟವರು ಪೊಲೀಸರು ಮಾತ್ರವೇ ಎಂಬ ಸಂಶಯವನ್ನು ಈ ಮೂರು ಕೃತಿಗಳು ನಮ್ಮಲ್ಲಿ ಹುಟ್ಟಿಸಿದರೆ, ಅವುಗಳ ಓದು ಸಾರ್ಥಕವಾಯಿತೆಂದು ಭಾವಿಸಬಹುದು.